ಟಗರಿನ ಕೊಂಬು, ಶತಾವರಿ ಬೇರು

ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಟಗರಿನ ಕೊಂಬು ಹದಿನಾಲ್ಕು ವರ್ಷದಿಂದ ತೂಗುತ್ತಿತ್ತು. ಈ ಬೇಸಿಗೆಯಲ್ಲಿ ಅದನ್ನು ಕೆಳಗಿಳಿಸಿ ಮೂಗಿನ ಹತ್ತಿರ ಹಿಡಿದೆ. ಸವೆದ ತುದಿಯಲ್ಲಿ ಮಣ್ಣಿನ ವಾಸನೆ, ದಪ್ಪ ಬುಡದಲ್ಲಿ ಕುರಿಯ ವಾಸನೆ... ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಕೊಂಬು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅದನ್ನು ಕೊಟ್ಟವಳು ತೀರಿಕೊಂಡು ಅಂದಿಗೆ ಹನ್ನೆರಡು ದಿನವಾಗಿತ್ತು.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ನಾನು ಯಲ್ಲದಕೆರೆಯಲ್ಲಿ ಆರೋಗ್ಯ ಉಪಕೇಂದ್ರದ ನರ್ಸ್ ಆಗಿದ್ದಾಗ ನನ್ನ ಕ್ವಾರ್ಟರ್ಸಿನ ಪಕ್ಕದ ಮನೆ ಅವಳದು. ಕುರಿ ಸಾಕುವ ಮನೆ. ಸಂಕ್ರಾಂತಿ ಕಳೆದ ಮೇಲೆ ಗಂಡ ಹೆಂಡತಿ ಇಬ್ಬರೂ ಕುರಿ ಹೊಡೆದುಕೊಂಡು ಗದ್ದೆ ಸೀಮೆಗೆ ಹೋದರೆ, ಮೊದಲ ಮಳೆ ಬಿದ್ದ ಮೇಲೆಯೇ ವಾಪಸು. ಒಬ್ಬಳೇ ಮಗಳು ಹಿರಿಯೂರಿನ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳು.

ಅವರ ಬಾಗಿಲ ಪಕ್ಕ ಬೇವಿನ ಗೂಟಕ್ಕೆ ಒಂದು ಬಳ್ಳಿ ಹಬ್ಬಿತ್ತು. ಎಲೆ ಎಂದರೆ ಎಲೆಯಲ್ಲ, ಹಸಿರು ಕೂದಲು. ಗಾಳಿ ಬಂದರೆ ಗೂಟವೇ ಹೊಗೆಯಾಡಿದಂತೆ ಕಾಣುತ್ತಿತ್ತು. ಯಾರೋ ಪೇಟೆಯಿಂದ ತಂದ ಶೋಕಿ ಗಿಡ ಎಂದುಕೊಂಡು, ಚೆಂದದ ಕ್ರೋಟನ್ನು ಎಂದೆ ಒಂದು ದಿನ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

“ಕ್ರೋಟನ್ನಾ? ನರ್ಸಮ್ಮ, ಇದು ಹಲವು ಮಕ್ಕಳ ತಾಯಿ ಬೇರು. ಧರ್ಮಪುರದಿಂದ ನಮ್ಮವ್ವನ ಮನೇದು. ನಾನು ಈ ಮನೆಗೆ ಬಂದಾಗ ಸೀರೆಗಿಂತ ಮುಂಚೆ ಇದು ಬಂತು.”

ಶತಾವರಿ ಎಂದು ಪುಸ್ತಕದಲ್ಲಿ ಓದಿದ್ದೆ, ಗಿಡ ನೋಡಿರಲಿಲ್ಲ. ಬೇರಿನ ಸಿಪ್ಪೆ ತೆಗೆದು, ನಡುವಿನ ನಾರು ಎಳೆದು, ಒಣಗಿಸಿ ಪುಡಿ ಮಾಡಿ ಅವಳು ಬಾಣಂತಿಯರಿಗೆ ಹಾಲು ಬೆಲ್ಲದಲ್ಲಿ ಕೊಡುತ್ತಿದ್ದಳು. ಮರಿ ಹಾಕಿ ಕೆಚ್ಚಲು ಒಣಗಿದ ಕುರಿಗೆ ಹಸಿ ಬೇರು ಜಜ್ಜಿ ರಾಗಿ ಅಂಬಲಿಯಲ್ಲಿ ಕುಡಿಸುತ್ತಿದ್ದಳು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನಾನು ಮನೆಮನೆಗೆ ಹೋಗಿ ಕಬ್ಬಿಣದ ಮಾತ್ರೆ ಕೊಟ್ಟು ಬಂದರೆ ಹಿಂದೆಯೇ ಇವಳ ಪುಡಿ ಹೋಗುತ್ತಿತ್ತು. ಜಗಳಕ್ಕೆಂದೇ ಒಂದು ದಿನ ಹೋದೆ.

“ಬರ್ರಿ, ಕುಂತ್ಕಳ್ರಿ ಮೊದ್ಲು,” ಎಂದಳು. “ನಿಮ್ಮ ಕೆಂಪು ಮಾತ್ರೆ ನೀವು ಕೊಡ್ರಿ, ನನ್ನ ಬೇರು ನಾನು ಕೊಡ್ತೀನಿ. ಮಾತ್ರೆ ನುಂಗದೋಳಿಗೆ ಪುಡಿ ಇಲ್ಲ ಅಂತ ಹೇಳ್ತೀನಿ. ಆತಾ?”

ಹೇಳಿದಂತೆ ನಡೆದುಕೊಂಡಳು. ಆ ವರ್ಷ ನನ್ನ ಮಾತ್ರೆ ಯಾರ ಮನೆಯ ತಿಪ್ಪೆಗೂ ಬೀಳಲಿಲ್ಲ.

ಬೇರು ತೆಗೆಯುವುದರಲ್ಲಿ ಅವಳದು ಒಂದು ಕ್ರಮವಿತ್ತು. ಗುದ್ದಲಿ ಮುಟ್ಟಿಸುತ್ತಿರಲಿಲ್ಲ. ಕಬ್ಬಿಣ ತಾಗಿದರೆ ಬೇರಿಗೆ ಗಾಯವಾಗಿ ಕೊಳೆಯುತ್ತದೆ ಎಂದು ಟಗರಿನ ಕೊಂಬಿನಿಂದ ಮಣ್ಣು ಕೆದಕುತ್ತಿದ್ದಳು. ಮಳೆಗಾಲ ಮುಗಿದು ಎಲೆ ಹಳದಿಯಾದ ಮೇಲೆ, ಕುರಿ ಹೊಡೆದುಕೊಂಡು ಹೊರಡುವ ಮುಂಚೆ, ವರ್ಷಕ್ಕೊಂದು ದಿಕ್ಕಿನಲ್ಲಿ ಮಾತ್ರ. ಈ ವರ್ಷ ಮೂಡಲಾದರೆ ಬರುವ ವರ್ಷ ತೆಂಕಲು. ಅಗೆದ ಜಾಗ ಮುಚ್ಚಿ ಅಲ್ಲೊಂದು ಬೆಣಚುಕಲ್ಲು ಇಡುತ್ತಿದ್ದಳು, ಕೋಳಿಮೊಟ್ಟೆಗಿಂತ ತುಸು ದೊಡ್ಡದು.

“ಕಲ್ಲಿರೋ ದಿಕ್ಕು ಬಾಣಂತಿ,” ಎನ್ನುತ್ತಿದ್ದಳು. “ಮುಟ್ಟಂಗಿಲ್ಲ.”

ಆ ಬಿಳಿ ಕಲ್ಲು ವರ್ಷಕ್ಕೊಂದು ಹೆಜ್ಜೆ ಇಡುತ್ತಾ ನಾಲ್ಕು ವರ್ಷಕ್ಕೆ ಗಿಡವನ್ನು ಒಂದು ಸುತ್ತು ಹಾಕುತ್ತಿತ್ತು. ಗುಡ್ಡದ ಶತಾವರಿಯನ್ನೆಲ್ಲ ಬೇರು ಮಾರುವವರು ಬುಡಸಮೇತ ಕಿತ್ತು ಒಯ್ದಿದ್ದರು. ಅಕ್ಕನ ಗಿಡಕ್ಕೆ ಅವಳಿಗಿಂತ ಹೆಚ್ಚು ವಯಸ್ಸಾಗಿತ್ತು, ಬೇರು ಮಾತ್ರ ಪ್ರತಿವರ್ಷ ಎಳೆಯದು.

ನಾನು ಹೋದ ಎರಡನೆಯ ವರ್ಷ ಕುರಿ ಹೊಡೆದುಕೊಂಡು ಹೊರಡುವ ದಿನ ಬೆಳಿಗ್ಗೆ ಅಕ್ಕ ನನ್ನ ಬಾಗಿಲಿಗೆ ಬಂದಳು. “ಗಿಡ ನೋಡ್ಕಳ್ರಿ ನರ್ಸಮ್ಮ. ಏನೂ ಮಾಡಬ್ಯಾಡ್ರಿ. ಸುಮ್ಕಿರ್ರಿ. ಅಷ್ಟೇ ಕೆಲ್ಸ.”

ಅದನ್ನು ನಾನು ಸಂಕೋಚದ ಮಾತು ಎಂದುಕೊಂಡೆ. ನನಗೆ ತೊಂದರೆ ಕೊಡಬಾರದೆಂದು ಹಾಗನ್ನುತ್ತಾಳೆ ಎಂದು... ಶಿವರಾತ್ರಿಯ ಹೊತ್ತಿಗೆ ಬಳ್ಳಿ ಒಣಗಿ ಕಡ್ಡಿಯಾಯಿತು. ನನಗೆ ಗಾಬರಿ. ಊರಿನ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು. ನನ್ನ ಪಾಲಿನ ಕೊಡಗಳಲ್ಲಿ ದಿನಕ್ಕೆ ಅರ್ಧ ಕೊಡ ಗಿಡಕ್ಕೆ ಸುರಿದೆ. ತಲೆಸ್ನಾನ ಮುಂದೂಡಿದೆ. ಕಡ್ಡಿ ಹಸಿರಾಗಲಿಲ್ಲ. ಇನ್ನೂ ಸಾಲದೇನೋ ಎಂದು ಹೆಚ್ಚಿಗೆ ಸುರಿದೆ. ಯುಗಾದಿ ಕಳೆದ ಮೇಲೆ ಬುಡದಲ್ಲಿ ಬೆರಳು ಆಡಿಸಿದರೆ ಮೆತ್ತಗಿನ ಲೋಳೆ ಬಂತು, ಸತ್ತ ಇಲಿಯ ವಾಸನೆಯ ಜೊತೆಗೆ.

ಅಕ್ಕ ವಾಪಸು ಬಂದ ದಿನ ಅವಳು ಕಂಬಳಿ ಇಳಿಸುವ ಮುಂಚೆಯೇ ನಾನು ಅಳುತ್ತಾ ನಿಂತಿದ್ದೆ. ಅವಳು ಬುಡ ನೋಡಿದಳು, ನನ್ನ ಮುಖ ನೋಡಿದಳು.

“ಅಯ್ಯೋ ದೇವುಡಾ, ನೀರು ಹಾಕಿದ್ರಾ?”

“ದಿನಾ ಹಾಕಿದೆ ಅಕ್ಕ. ನನಗೆ ಕುಡಿಯೋಕೆ ಇಲ್ಲದಿದ್ದರೂ ಹಾಕಿದೆ.”

“ಲೇ, ಬೇಸಿಗೇಲಿ ಇದು ಮಲಗ್ತೈತೆ ಕಣೇ! ಮಲಗಿದ್ದೋಳ ಬಾಯಿಗೆ ಉಣ್ಣು ಉಣ್ಣು ಅಂತ ತುರುಕಿದಂಗಾತಲ್ಲೇ.” ನರ್ಸಮ್ಮ ಹೋಗಿ ಲೇ ಆಗಿದ್ದು ಅವತ್ತೇ. ಆಮೇಲೆ ನಗಲು ಶುರು ಮಾಡಿದಳು. “ಊರವರೆಲ್ಲ ನೀರಿಲ್ದೆ ಗಿಡ ಸಾಯಿಸ್ತಾರೆ. ಇಂಥ ಊರಲ್ಲಿ ನೀರಲ್ಲಿ ಮುಳುಗಿಸಿ ಸಾಯಿಸಿದೋಳು ನೀನೊಬ್ಳೇ!”

ನಕ್ಕಳು ನಿಜ, ಕಂಬಳಿಯನ್ನೂ ಇಳಿಸದೆ ಕೊಂಬು ತಂದು ಬುಡದ ಬಳಿ ಕೂತುಬಿಟ್ಟಳು. ತವರಿನ ಗಿಡ ಅದು. ಸುತ್ತಲೂ ಕೆದಕಿ ಕೊಳೆತಿದ್ದನ್ನೆಲ್ಲ ತೆಗೆದಳು. ಕೊನೆಗೆ ಪಡುವಲ ದಿಕ್ಕಿನಲ್ಲಿ, ಬೆಣಚುಕಲ್ಲಿನ ಅಡಿಯಲ್ಲಿ, ಕಿರುಬೆರಳಿನಷ್ಟು ಗಟ್ಟಿಯಾದ ಒಂದು ತುಂಡು, ಅದರ ತಲೆಯ ಮೇಲೆ ಸಾಸಿವೆಯಷ್ಟು ಮೊಗ್ಗು. ಒಲೆಬೂದಿ ಸವರಿ, ನೆರಳಲ್ಲಿ ಎರಡು ದಿನ ಇಟ್ಟು, ಒಣಮಣ್ಣಲ್ಲಿ ಊರಿದಳು. ಮಳೆ ಎರಡು ಸಲ ಬಿದ್ದ ಮೇಲೆ ಪೆನ್ಸಿಲ್ಲಿನಂಥ ನೇರಳೆ ಮೊಳಕೆಯೊಂದು ನೆಲ ಸೀಳಿಕೊಂಡು ಬಂತು. ಅಕ್ಕ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ಇಬ್ಬರೂ ಮಕ್ಕಳಂತೆ ಕುಣಿದೆವು.

ಐದು ವರ್ಷದ ಮೇಲೆ ನನಗೆ ನಮ್ಮೂರು ತಾಳ್ಯದ ಕಡೆ ವರ್ಗವಾಯಿತು. ಹೊರಡುವ ದಿನ ಅಕ್ಕ ಗಿಡದ ಬುಡ ಸೀಳಿ ಅರ್ಧವನ್ನು ಗೋಣಿಯಲ್ಲಿ ಸುತ್ತಿ ನನ್ನ ಮಡಿಲಿಗಿಟ್ಟಳು. ಮೇಲೆ ಕೊಂಬು. “ನಂಗೆ ಬೇರೆ ಟಗರು ಅವೆ. ಇದನ್ನ ನೀನು ಇಟ್ಕ.”

ತಾಳ್ಯದಲ್ಲಿ ಅದು ನಮ್ಮ ಕಾಂಪೌಂಡಿನ ಮೇಲೆ ಹಬ್ಬಿತು. ವರ್ಷಕ್ಕೊಮ್ಮೆ ಕೊಂಬು ಇಳಿಸಿ ಒಂದು ದಿಕ್ಕು ಕೆದಕಿ, ಅಕ್ಕನಂತೆಯೇ ಅಲ್ಲೊಂದು ಕಲ್ಲು ಇಡುತ್ತಿದ್ದೆ. ಮಂಟಪ ಸಿಂಗರಿಸುವವರು ಬಂದು ಕೊಂಬೆ ಕೇಳುತ್ತಿದ್ದರು. ಮಳೆಗಾಲದಲ್ಲಿ ಅಕ್ಕಿನುಚ್ಚಿನಂಥ ಬಿಳಿ ಹೂ ಬಿಟ್ಟು ಬೀದಿಗೆಲ್ಲ ಘಮ. ಹೂವಿನ ಕಾಲಕ್ಕೆ ತಪ್ಪದೆ ಅಕ್ಕನ ಫೋನು ಬರುತ್ತಿತ್ತು. “ಹೂ ಬಿಡ್ತೇನೇ? ನಂದು ನಿನ್ನೆ ಬಿಡ್ತು. ನಿಂದು ಸೋಮಾರಿ.”

ಈ ವರ್ಷ ಶಿವರಾತ್ರಿಯಾದ ಮರುವಾರ ಬಂದ ಫೋನು ಅವಳದಲ್ಲ, ಮಗಳದು. ಮೈ ಸರಿಯಿಲ್ಲವೆಂದು ಈ ಸಲ ಕುರಿಯ ಹಿಂದೆ ಹೋಗದೆ ಮನೆಯಲ್ಲೇ ಉಳಿದಿದ್ದ ಅಕ್ಕ ತೀರಿಕೊಂಡಿದ್ದಳು.

ಹೋದೆ. ಹನ್ನೊಂದನೆಯ ದಿನದ ಕಾರ್ಯದವರೆಗೂ ಅಲ್ಲೇ ಇದ್ದೆ. ಬಾಗಿಲ ಪಕ್ಕ ಬೇವಿನ ಗೂಟ ಇರಲಿಲ್ಲ, ಗಿಡವೂ ಇರಲಿಲ್ಲ. ಅಂಗಳದ ತುಂಬ ಸಿಮೆಂಟು. ಕಳೆದ ಬೇಸಿಗೆಯಲ್ಲಿ ಮಗಳು ಮನೆ ರಿಪೇರಿ ಮಾಡಿಸಿದಾಗ ಗಾರೆಯವನು ಒಣಕಡ್ಡಿ ಎಂದುಕೊಂಡು ಅಗೆದು ಬಿಸಾಡಿ ಜಲ್ಲಿ ಸುರಿದನಂತೆ. ಅಕ್ಕ ಗದ್ದೆ ಸೀಮೆಯಲ್ಲಿದ್ದಳು. ಹೂವಿನ ಕಾಲದ ಫೋನಿನಲ್ಲಿ ನನಗೆ ಇದೊಂದನ್ನೂ ಹೇಳಿರಲಿಲ್ಲ, ನನ್ನ ಗಿಡವನ್ನಷ್ಟೇ ವಿಚಾರಿಸಿದ್ದಳು.

“ನಾನು ಅತ್ತುಬಿಟ್ಟೆ ಸಿಸ್ಟ್ರಮ್ಮ,” ಎಂದಳು ಮಗಳು. “ಅವ್ವ ಒಂದು ಮಾತೂ ಬೈಲಿಲ್ಲ. ನರ್ಸಮ್ಮನ ತಾವ ಐತೆ ಬಿಡು, ಅಂದ್ಲು. ಐತಲ್ವ?”

ಐತೆ ಎಂದೆ. ಮಳೆ ಬಿದ್ದ ಮೇಲೆ ತಂದು ಕೊಡುತ್ತೇನೆ ಎಂದು ಮಾತೂ ಕೊಟ್ಟೆ.

ತಾಳ್ಯಕ್ಕೆ ಬಂದು ಗೇಟು ತೆಗೆದರೆ ಗಿಡದ ಬುಡದಲ್ಲಿ ಕೆಸರು! ಎದುರುಮನೆಯ ಮೇಷ್ಟ್ರು, ರಿಟೈರಾದವರು, ಕೈಯಲ್ಲಿ ಬಕೆಟ್ಟು ಹಿಡಿದು ನಗುತ್ತಾ ನಿಂತಿದ್ದರು.

“ನೀವು ಊರಲ್ಲಿಲ್ಲ, ಗಿಡ ಒಣಗೋಗೈತೆ. ಹನ್ನೊಂದು ದಿನಾನೂ ಒಂದೊಂದು ಬಕೆಟ್ ಹಾಕಿದೀನಿ ಸಿಸ್ಟ್ರೇ. ನಮ್ಮ ಮನೇಲಿ ಪಾತ್ರೆ ತೊಳೆಯೋಕೆ ನೀರಿಲ್ಲ ಅಂತ ಜಗಳ!”

ಅವರ ಮುಖದಲ್ಲಿದ್ದದ್ದು ನನ್ನದೇ ಹಳೆಯ ಮುಖ. “ಮಲಗಿದ್ದೋಳ ಬಾಯಿಗೆ ತುರುಕಿದಿರಲ್ಲ ಮೇಷ್ಟ್ರೇ,” ಎಂದಷ್ಟೇ ಹೇಳಿ ಒಳಗೆ ಬಂದು ಮೊಳೆಯಿಂದ ಕೊಂಬು ಇಳಿಸಿದೆ. ಹೊಸ್ತಿಲ ಮೇಲೆ ಕೂತದ್ದು ಆಗಲೇ...

ಎದ್ದು ಹೋಗಿ ಕೆದಕಿದೆ. ಮೂಡಲಲ್ಲಿ ಲೋಳೆ. ತೆಂಕಲು, ಪಡುವಲಲ್ಲೂ ಲೋಳೆ. ತೆಗೆದು ತೆಗೆದು ಹಾಕಿದೆ. ಬಡಗಲಲ್ಲಿ ನನ್ನ ಕಲ್ಲಿತ್ತು, ನಾನೇ ಇಟ್ಟದ್ದು. ಆ ದಿಕ್ಕು ಬಾಣಂತಿ. ಅದನ್ನು ಕೆದಕಿ ನೋಡಿಬಿಡಲೇ ಎಂದು ಕೈ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಸುತ್ತಲಿನ ಕೆಸರು ತೋಡಿ ಒಣಮಣ್ಣು, ಬೂದಿ ತುಂಬಿದೆ. ಇನ್ನು ಮಾಡುವುದೇನೂ ಇರಲಿಲ್ಲ. ಸುಮ್ಮನಿರುವುದಷ್ಟೇ ಕೆಲಸ.

ನನ್ನ ಸರ್ವಿಸ್ಸಿನಲ್ಲಿ ಎಷ್ಟೋ ಹೆರಿಗೆಗೆ ಕಾದಿದ್ದೇನೆ. ಇಷ್ಟು ಕಷ್ಟ ಎಂದೂ ಆಗಿರಲಿಲ್ಲ. ಭಾನುವಾರವಾದರೆ ಮಗಳ ಫೋನು: “ಎದ್ದಿತೇನ್ರಿ?” ಇಲ್ಲವ್ವ, ಮಲಗೈತೆ ಎನ್ನುತ್ತಿದ್ದೆ. ಸತ್ತಿರಬಹುದು ಎಂದು ಹೇಳಲು ಬಾಯಿ ಬರಲಿಲ್ಲ. ಮೇಷ್ಟ್ರು ಪಶ್ಚಾತ್ತಾಪದಲ್ಲಿ ಗಿಡಕ್ಕೆ ಕಾವಲು ನಿಂತರು. ಬೀದಿಯಲ್ಲಿ ಕೊಡ ಹೊತ್ತು ಹೋಗುವವರ ಮೇಲೆ ರೇಗುತ್ತಿದ್ದರು. “ಏನಪ್ಪ, ಅತ್ಲಾಗೆ ಹೋಗು! ಇಲ್ಲಿ ಒಂದು ಹನಿ ಚೆಲ್ಲಿದ್ರೂ ನೋಡು!” ಅಂಗಳದಲ್ಲಿ ಒಣಕಡ್ಡಿ ನೋಡುತ್ತಾ ಕೂತ ನಮ್ಮಿಬ್ಬರಿಗೂ ಬಿಸಿಲು ತಾಗಿದೆ ಎಂದು ಬೀದಿಯವರು ನಕ್ಕರು.

ಮೊದಲ ಮಳೆ ಬಿತ್ತು. ಏನೂ ಇಲ್ಲ. ಎರಡನೆಯದು ಬಿತ್ತು. ಮೂರನೆಯದು ರಾತ್ರಿಯೆಲ್ಲ ಸುರಿಯಿತು. ಅದಾದ ನಾಲ್ಕನೆಯ ಬೆಳಿಗ್ಗೆ ನಾನು ಕಾಫಿಗೆ ಹಾಲಿಟ್ಟಿದ್ದೆ. ಗೇಟಿನಲ್ಲಿ ಮೇಷ್ಟ್ರ ಕೂಗು ಬೀದಿಯೆಲ್ಲ ಕೇಳಿತು.

“ಸಿಸ್ಟ್ರಮ್ಮಾ! ಬರ್ರಿ ಬೇಗ! ಎದ್ದೈತೆ!”

ಹಾಲು ಉಕ್ಕಿ ಒಲೆ ಆರಿತು. ಆರಲಿ. ಬಡಗಲ ದಿಕ್ಕಿನಲ್ಲಿ, ನನ್ನ ಕಲ್ಲನ್ನು ಪಕ್ಕಕ್ಕೆ ತಳ್ಳಿಕೊಂಡು, ಒಂದಲ್ಲ, ಮೂರು ಮೊಳಕೆ! ನೇರಳೆ ಬಣ್ಣದ ಮೂರು ತುದಿ, ಮಳೆನೀರು ಹೊತ್ತು ನೆಟ್ಟಗೆ ನಿಂತಿದ್ದವು. ಮೇಷ್ಟ್ರು ಎಳೆಯ ಮಗುವಿನಂತೆ ಅಳುತ್ತಿದ್ದರು. ನಾನು ಅಳಲಿಲ್ಲ. ಗೇಟು ತೆಗೆದಿಟ್ಟು, ನಕ್ಕಿದ್ದ ಬೀದಿಯವರನ್ನೆಲ್ಲ ಒಬ್ಬೊಬ್ಬರನ್ನೇ ಕರೆದು ತೋರಿಸಿದೆ.

ಚಿಗುರು ಬಲಿತ ಮೇಲೆ ಬುಡ ಸೀಳಿ ಅರ್ಧವನ್ನು ಕುಂಡದಲ್ಲಿಟ್ಟುಕೊಂಡು ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು ಎಂದು ಬಸ್ಸು ಬದಲಿಸುತ್ತಾ ಹೋದೆ. “ಡೆಕೊರೇಷನ್ ಗಿಡನಾ ಅಮ್ಮ?” ಎಂದ ಕಂಡಕ್ಟರ್. “ತವರಿಗೆ ಹೊರಟಿರೋ ಬಾಣಂತಿ ಕಣಪ್ಪ, ಸೀಟು ಬಿಡಿಸಿಕೊಡು,” ಎಂದೆ. ಎದುರು ಸೀಟಿನ ಹೆಂಗಸು ನಗುತ್ತಾ ಸರಿದು ಜಾಗ ಕೊಟ್ಟಳು.

ಕುರಿಹಟ್ಟಿಯ ಪಕ್ಕ ಸಿಮೆಂಟಿಲ್ಲದ ನೆಲ ಹುಡುಕಿ ಮಗಳ ಕೈಯಿಂದಲೇ ನೆಡಿಸಿದೆ. ಅವಳು ಒಳಗೆ ಹೋಗಿ ದೇವರ ಗೂಡಿನಿಂದ ಏನೋ ತಂದಳು. ಬೆಣಚುಕಲ್ಲು.

“ಸಿಮೆಂಟು ಹಾಕಿಸಿದ್ಮೇಲೆ ಜಲ್ಲಿ ರಾಶಿಯಿಂದ ಹುಡುಕಿ ತಂದು ಇಟ್ಳು ಅವ್ವ. ಯಾಕೆ ಅಂದ್ರೆ, ನರ್ಸಮ್ಮನ್ನ ಕೇಳು ಅಂತಿದ್ಲು.”

ಹೇಳಿದೆ. ಮೂರು ವರ್ಷ ಯಾವ ದಿಕ್ಕೂ ಅಗೆಯಬಾರದು, ಅಲ್ಲಿವರೆಗೆ ಕಲ್ಲು ಬುಡದಲ್ಲೇ ಇರಲಿ, ಆಮೇಲೆ ಮೂಡಲಿಂದ ಶುರು. ಮಾತ್ರೆ ನುಂಗದವಳಿಗೆ ಪುಡಿ ಇಲ್ಲ. ಗುದ್ದಲಿ ಮುಟ್ಟಿಸಬೇಡ. ಕೊಂಬನ್ನು ಅವಳ ಕೈಗಿಟ್ಟೆ.

“ಬೇಸಿಗೇಲಿ ನಾನೇನು ಮಾಡ್ಲಿ?” ಎಂದಳು.

“ಏನೂ ಮಾಡಬ್ಯಾಡವ್ವ. ಸುಮ್ಕಿರು.”

ಈಗ ತಾಳ್ಯದಲ್ಲಿ ಮಳೆ ಹಿಡಿದಿದೆ. ಉಳಿದರ್ಧ ಗಿಡ ಕಾಂಪೌಂಡು ಹತ್ತಿ ನಿನ್ನೆ ಹೂ ಬಿಟ್ಟಿತು. ಇವತ್ತು ಸಂಜೆಯವರೆಗೂ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದೆ, ಸೋಮಾರಿ ಎನ್ನುವ ಆ ದನಿಗೆ... ಬರುವುದಿಲ್ಲ ಎಂದು ಗೊತ್ತಿದ್ದೂ. ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಮಗಳು.

“ನಂದು ಇವತ್ತು ಬಿಡ್ತು ಸಿಸ್ಟ್ರಮ್ಮ! ನಾಲ್ಕೇ ಹೂ. ನಿಮ್ದು?”

“ನಂದು ನಿನ್ನೆನೇ ಬಿಡ್ತು,” ಎಂದೆ. “ನಿಂದು ಸೋಮಾರಿ.”

ಅವಳು ನಕ್ಕಳು, ಅವಳವ್ವನ ಹಾಗೆಯೇ. ಫೋನಿಟ್ಟು ಅಡುಗೆಮನೆಗೆ ಹೋದೆ. ಬಾಗಿಲ ಹಿಂದೆ ಮೊಳೆ ಖಾಲಿ ಇದೆ. ಅದಕ್ಕೆ ಬೇರೇನನ್ನೂ ತೂಗುಹಾಕಿಲ್ಲ.