ಮೊದಲ ವೀಳ್ಯ

ಎಲೆ ಪಿಂಡಿ ಬಿಚ್ಚಿದಾಗ ಏಳುವ ವಾಸನೆ ನಿಮಗೆ ಗೊತ್ತಿರಬಹುದು. ಮೊದಲು ಒದ್ದೆ ಬಾಳೆಪಟ್ಟೆಯ ತಂಪು, ಅದರ ಹಿಂದೆಯೇ ವೀಳ್ಯದೆಲೆಯ ಖಾರ. ಹುಣಸೂರಿನ ನನ್ನ ಎಲೆ ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಾನೆ. ನನಗೆ ಉಳಿದಿರುವುದು ಬಾಗಿಲ ಬಳಿಯ ಕುರ್ಚಿ, ಮತ್ತೆ ಯಾರೂ ಕೇಳದಿದ್ದರೂ ನಾನು ಬಿಡದ ಬುದ್ಧಿವಾದ. ಇವತ್ತು ಬೆಳಿಗ್ಗೆ ಅವನು ಪಿಂಡಿ ಬಿಚ್ಚಿದ, ವಾಸನೆ ಬಂತು, ನನ್ನ ಸೋದರಮಾವ ಚಿಕ್ಕೇಗೌಡರ ಎರಡು ಕೈಗಳು ಕಣ್ಣ ಮುಂದೆ ನಿಂತವು.

ನಾನು ತಂದೆಯಿಲ್ಲದೆ ಬೆಳೆದವನು. ತಲೆಯ ಮೇಲೆ ಎಲೆ ಬುಟ್ಟಿ ಹೊತ್ತು ಪಿರಿಯಾಪಟ್ಟಣ, ಹಾರನಹಳ್ಳಿ, ಸರಗೂರಿನ ಸಂತೆಗಳನ್ನು ಸುತ್ತಿದೆ. ಬುಟ್ಟಿ ಸೈಕಲ್ಲಾಯಿತು, ಸೈಕಲ್ಲು ಅಂಗಡಿಯಾಯಿತು. ಅದರಿಂದ ಒಂದು ದುರಭ್ಯಾಸ ಬಂತು ನೋಡಿ, ಕೊಡು ತೆಗೆದುಕೋ ಎನ್ನುವ ಎರಡು ಮಾತಿನಲ್ಲಿ ಲೋಕವೆಲ್ಲ ಮುಗಿಯಿತು ಅಂದುಕೊಂಡುಬಿಟ್ಟೆ.

ನಮ್ಮ ಕಡೆ ಆಗ ಮದುವೆಯಿರಲಿ, ಕಟ್ಟೆಯ ಮೇಲೆ ನ್ಯಾಯವಿರಲಿ, ಊರು ಕೂಡಿದ ಕಡೆ ವೀಳ್ಯ ಕೊಡುವುದಕ್ಕೆ ಒಂದು ಸರದಿಯಿತ್ತು. ಮೊದಲ ವೀಳ್ಯ ಯಾರ ಕೈಗೆ ಹೋಗುತ್ತದೋ ಅವನೇ ಆ ಊರಿನ ದೊಡ್ಡವನು. ದಂಡಿಗೆ ಹೋಗುವವನಿಗೆ ಅರಸರು ಕೈಯಾರೆ ರಣವೀಳ್ಯ ಕೊಡುತ್ತಿದ್ದರು ಎಂದು ಹಿರಿಯರು ಹೇಳುತ್ತಿದ್ದರು. ಚರಿತ್ರೆ ಪುಸ್ತಕದಲ್ಲಿ ಯಾರು ಗೆದ್ದರು, ಯಾರು ಬಿದ್ದರು ಎನ್ನುವುದಿರುತ್ತದೆ. ಪಿರಿಯಾಪಟ್ಟಣದ ಹಾಳು ಕೋಟೆಯ ಪಕ್ಕದಲ್ಲಿ ಹೋಗುವಾಗೆಲ್ಲ ನನಗೆ ಬೇರೆಯದೇ ಯೋಚನೆ. ಕೋಟೆ ಬಿದ್ದ ಮಾರನೆಯ ದಿನ ಇಲ್ಲಿ ಮೊದಲ ವೀಳ್ಯ ಯಾರಿಗೆ ಕೊಟ್ಟರು, ನಿನ್ನೆಯವರೆಗೆ ಅದನ್ನು ಕೈಯೊಡ್ಡಿ ಈಸಿಕೊಳ್ಳುತ್ತಿದ್ದವನು ಎಲ್ಲಿ ಕೂತಿದ್ದ?

ಮಾವನ ಮನೆಗೆ ಮೂರು ತಲೆಯಿಂದ ಪಟೇಲಿಕೆ. ಹಾರನಹಳ್ಳಿಯ ಆಚೆಗಿನ ಸಣ್ಣ ಊರು. ಮಾವನದು ಮಾತು ಕಮ್ಮಿ, ಎಲೆಯಡಿಕೆ ಜಾಸ್ತಿ. ಊರಿನ ಮೊದಲ ವೀಳ್ಯ ಅವರದೇ, ಅದನ್ನು ಈಸಿಕೊಳ್ಳುವಾಗ ಮಾತ್ರ ಹೆಗಲ ವಲ್ಲಿ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಜೋಡಿಸಿ ಒಡ್ಡುತ್ತಿದ್ದರು. ಮಹಾರಾಜರ ದರ್ಬಾರಿನಲ್ಲಿ ಕೂತವರ ಹಾಗೆ. ನಾವು ಹುಡುಗರು ಮರೆಯಲ್ಲಿ ಅದನ್ನು ಆಡಿ ನಗುತ್ತಿದ್ದೆವು.

ಸ್ವಾತಂತ್ರ್ಯದ ಚಳವಳಿ ಜೋರಾದ ಕಾಲ. ಖಾದಿ ಟೋಪಿಯವರು ಹಳ್ಳಿಗಳಿಗೆ ಬಂದು, ಪಟೇಲರೆಲ್ಲ ಕೆಲಸ ಬಿಡಿ ಎಂದು ಭಾಷಣ ಮಾಡಿ ಹೋಗುತ್ತಿದ್ದರು. ಮಾವ ಕೇಳಿಸಿಕೊಂಡು ಸುಮ್ಮನಿದ್ದರು. ಅಷ್ಟರಲ್ಲಿ ಊರಿನ ಕೆಲವು ಹುಡುಗರು ರಸ್ತೆ ಬದಿಯ ಟೆಲಿಗ್ರಾಫ್ ತಂತಿ ಕತ್ತರಿಸಿಬಿಟ್ಟರು. ಅವರಲ್ಲಿ ಒಬ್ಬ, ಮಾವನ ಪಕ್ಕದ ಮನೆ ಬೋರೇಗೌಡನ ಮಗ ಸಿದ್ದ. ಹೆಸರು ಬರೆದುಕೊಡು ಎಂದು ತಾಲ್ಲೂಕಿನ ಅಮಲ್ದಾರರು ಮಾವನಿಗೆ ಹೇಳಿಕಳಿಸಿದರು. ಪಟೇಲನಾಗಿದ್ದವನು ಗೊತ್ತಿಲ್ಲ ಎಂದರೆ ನಂಬುವವರಿಲ್ಲ, ಹೆಸರು ಕೊಡಲೇಬೇಕು. ಕೊಡುವುದಿಲ್ಲ ಎಂದರೆ ಪಟೇಲಿಕೆ ಬಿಡಬೇಕು.

ಆ ಬೆಳಿಗ್ಗೆ ನಾನು ಎಲೆ ಹಾಕಲು ಹೋಗಿದ್ದೆ. ಗಾಡಿ ಕಟ್ಟುತ್ತಿದ್ದ ಮಾವನನ್ನು ಹಿಡಿದು ನಿಲ್ಲಿಸಿದೆ.

"ಬುಡೋದಾದ್ರೆ ಬುಡಿ ಮಾವ. ಅದಕ್ಕೆ ಮುಂಚೆ ಊರೋರ್ನ ಕಟ್ಟೆ ಮ್ಯಾಲೆ ಕೂರಿಸಿ ಮಾತು ತಕೊಳ್ಳಿ. ನಾಳೆ ಮೊದ್ಲ ಈಳ್ಯ ಯಾರಿಗೆ ಅಂತ ಇವತ್ತೇ ತೀರ್ಮಾನ ಆಗ್ಲಿ."

"ಎಲೆ ಯಾಪಾರದ ಬುದ್ಧಿಯ ನನ್ತವ ತೋರಿಸ್ತೀಯೇನ್ಲಾ? ಪಟೇಲ್ಕೆ ಸರ್ಕಾರ ಕೊಟ್ಟಿದ್ದು, ಸರ್ಕಾರಕ್ಕೇ ಕೊಟ್ಟು ಬತ್ತೀನಿ. ಈಳ್ಯ ಊರು ಕೊಟ್ಟಿದ್ದು ಕಣ್ಲಾ. ಅದನ್ನ ಯಾವ ಅಮಲ್ದಾರ ಕಿತ್ಕೊಂಡಾನು?"

ಒಳಗಿಂದ ಅತ್ತೆ ಪುಟ್ಟತಾಯಮ್ಮ ಹೇಳಿದರು, "ಬುಡಪ್ಪ ಅತ್ಲಾಗೆ. ಬಾಯ್ಬುಟ್ಟು ಕೇಳೋ ಅಭ್ಯಾಸ ನಿಮ್ಮಾವಂಗೆ ಇದ್ದಿದ್ರೆ, ಇಷ್ಟೊತ್ಗೆ ಉಪ್ಸಾರಿಗೆ ಉಪ್ಪು ಕಮ್ಮಿ ಅಂತ ಒಂದ್ ದಿನಾನಾದ್ರೂ ಏಳ್ತಿದ್ರು."

ಪಟೇಲಿಕೆ ಬಿಟ್ಟು ಬಂದ ದಿನ ಊರ ಬಾಗಿಲಲ್ಲಿ ಎತ್ತು ಬಿಚ್ಚಿ ಜನರೇ ಗಾಡಿ ಎಳೆದರು. ಹೆಂಗಸರು ಆರತಿ ಎತ್ತಿದರು. ಹುಡುಗರ ಹೆಸರು ಹೊರಗೆ ಬರಲಿಲ್ಲ. ಮಾವ ಅಲ್ಲಿಗೇ ನಿಲ್ಲಿಸಲಿಲ್ಲ. ಬೇಡ ಬೇಡ ಎನ್ನುತ್ತಿದ್ದ ತಮ್ಮ ತಿಮ್ಮೇಗೌಡನನ್ನು ತಾವೇ ಒಪ್ಪಿಸಿ ಪಟೇಲನನ್ನಾಗಿ ಮಾಡಿದರು. "ಒರಗ್ನೋನು ಬಂದ್ರೆ ಐಕ್ಳ ಎಸ್ರು ಏಳ್ಬುಡ್ತಾನೆ ಕಣಪ್ಪ. ಮನೇಲೇ ಇರ್ಲಿ. ನೀನು, ಆಗ ನಾನ್ ಪಟೇಲ ಆಗಿರ್ಲಿಲ್ಲ, ಕಂಡಿಲ್ಲ, ಕೇಳಿಲ್ಲ ಅಂತಿರು," ಎಂದರು. ಕೆಲಸ ತಮ್ಮನಿಗೆ, ದೊಡ್ಡಸ್ತಿಕೆ ಮನೆಯ ಹಿರಿಯನಿಗೆ. ಮಾವನ ಲೆಕ್ಕದಲ್ಲಿ ಅದರಲ್ಲಿ ಎರಡು ಮಾತೇ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬೋರೇಗೌಡನ ಮಗಳ ಮದುವೆ. ಎಲೆ ನನ್ನದೇ, ಒಳ್ಳೆಯ ಎಳೆ ಎಲೆ. ಚಪ್ಪರದಲ್ಲಿ ಅಣ್ಣ ತಮ್ಮ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಅಮಲ್ದಾರರ ಕಚೇರಿಯ ದಫೇದಾರನೂ ಬಂದು ಒಂದು ಕಡೆ ಕಾಲು ಚಾಚಿ ಕೂತಿದ್ದ. ವೀಳ್ಯದ ಹೊತ್ತಾಯಿತು. ತಟ್ಟೆ ಹಿಡಿದು ಬಂದವನು ಸಿದ್ದ, ಎತ್ತಿಕೊಡುವವನು ಅವನಪ್ಪ ಬೋರೇಗೌಡ.

ಮಾವ ವಲ್ಲಿ ಸರಿಮಾಡಿಕೊಂಡರು. ಬೆನ್ನು ನೆಟ್ಟಗಾಯಿತು. ಎರಡೂ ಕೈ ಮುಂದೆ ಬಂದವು. ಬೋರೇಗೌಡ ದಫೇದಾರನ ಕಡೆ ಒಮ್ಮೆ ನೋಡಿದ. ಆಮೇಲೆ ಆ ಕೈಗಳನ್ನು ದಾಟಿ ವೀಳ್ಯವನ್ನು ತಿಮ್ಮೇಗೌಡನ ಮುಂದೆ ಹಿಡಿದ.

ಮಾವನ ಕೈ ಒಂದು ಗಳಿಗೆ ಹಾಗೇ ಇತ್ತು. ಕೈಗೆ ಏನೋ ಮೆತ್ತಿಕೊಂಡಿದೆ ಎನ್ನುವ ಹಾಗೆ ವಲ್ಲಿಯಲ್ಲಿ ಒರೆಸಿಕೊಂಡರು. "ಎತ್ಗೊಳ್ಗೆ ನೀರು ತೋರ್ಸಿಲ್ಲ," ಎಂದು ಎದ್ದರು.

ಬೋರೇಗೌಡನನ್ನು ಹಿಂಬದಿಗೆ ಎಳೆದು ಕೇಳಿದೆ. ಅವನು ನೆಲ ನೋಡಿಕೊಂಡು, "ದಫೇದಾರ ಕೂತವ್ನೆ ಕಣಪ್ಪ. ಕೆಲ್ಸ ಬುಟ್ಟೋರ್ಗೆ ಮೊದ್ಲು ಕೊಟ್ರೆ, ಈ ಬೋರೇಗೌಡಂಗ್ಯಾಕೆ ಅವರ ಇಷ್ಟು ಋಣ ಅಂತ ಕೇಳಾಕಿಲ್ವಾ? ನನ್ ಮಗ ಅಲ್ವಾ ಸಿಕ್ಕಾಕೊಳ್ಳೋದು?" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು, ಅದೇ ನೋಡಿ ಕಷ್ಟ. ಯಾವ ಹುಡುಗನಿಗಾಗಿ ಮಾವ ಬಿಟ್ಟರೋ, ಅದೇ ಹುಡುಗನಿಗಾಗಿ ಅವರ ಕೈ ಬರಿದಾಯಿತು.

ಸಂಜೆ ತಿಮ್ಮೇಗೌಡ ಆ ವೀಳ್ಯವನ್ನು ಹಾಗೆಯೇ ತಂದು ಅಣ್ಣನ ಮುಂದೆ ಹಿಡಿದ. ಅವನ ಕಣ್ಣು ಕೆಂಪಾಗಿತ್ತು.

"ತಕೊ ಅಣ್ಣಯ್ಯ. ಇದು ನಿಂದೇಯ."

ಮಾವ ತಮ್ಮನ ಹೆಗಲು ತಟ್ಟಿದರು. "ನೀನ್ ಕೊಟ್ರೆ ಏನ್ ಬಂತಪ್ಪ. ಊರು ಕೊಡ್ಬೇಕಾಗಿತ್ತು."

ಅಷ್ಟೇ. ಆಮೇಲೆ ಆ ಮಾತು ಎತ್ತಲಿಲ್ಲ. ಆದರೆ ಮಾವ ಎಲೆಯಡಿಕೆ ಬಿಟ್ಟರು. ತುಟಿಯ ಕೆಂಪು ಮಾಸಿ, ಮುಖ ಯಾರದೋ ಮುಖದ ಹಾಗಾಯಿತು. ಊರು ಕೂಡುವ ಕಡೆ ಹೋಗಲಿಲ್ಲ. ನಾನು ಹೋದಾಗಲೆಲ್ಲ ಪೇಟೆಯ ಧಾರಣೆ ಕೇಳುತ್ತಿದ್ದರು, ಎಲೆಯದನ್ನು ಬಿಟ್ಟು ಮಿಕ್ಕಿದ್ದರದ್ದೆಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮೊದಲು ಮಾವ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಜಗಲಿಯ ಮೇಲೆ ಒರಗಿಸಿ ಕೂರಿಸಿ, ಮಣ್ಣಿಗೆ ಒಯ್ಯುವ ಮುಂಚೆ ಕುಟ್ಟಿದ ಎಲೆಯಡಿಕೆಯನ್ನು ಬಾಯಿಗೆ ಇಡುತ್ತಾರೆ. ಊರಿಗೆ ಊರೇ ಬಂದಿತ್ತು. ಬೋರೇಗೌಡ ಎಲ್ಲರಿಗಿಂತ ಮುಂದೆ, ಅಂಗೈಯಲ್ಲಿ ಕುಟ್ಟಿದ ಎಲೆ ಹಿಡಿದು ಮೆಟ್ಟಿಲು ಹತ್ತಿದ. ಅಳುತ್ತಿದ್ದ. "ನಾನ್ ಮೊದ್ಲು ಮಡುಗ್ತೀನಿ ಕಣವ್ವ," ಎಂದ.

ಅತ್ತೆ ಗಂಡನ ಬಾಯಿಗೆ ತಮ್ಮ ಅಂಗೈ ಅಡ್ಡ ಹಿಡಿದರು.

"ಅವತ್ತು ಕೈ ಒಡ್ಡಿದ್ರು ಕಣಪ್ಪ ಬೋರೇಗೌಡ. ಇವತ್ತು ಒಡ್ಡಿಲ್ಲ."

ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ. "ಅತ್ತೆ, ತಡವಾಗಾದ್ರೂ ತಂದವ್ರೆ. ಈಸ್ಕೊಳ್ಳಿ."

"ಈಸ್ಕೊಳ್ಳೋರು ಒಂಟೋದ್ರು. ನಾನ್ಯಾರ್ಲಾ ಈಸ್ಕೊಳ್ಳಾಕೆ?"

ಬರಿ ಬಾಯಲ್ಲಿ ಮಾವನನ್ನು ಮಣ್ಣು ಮಾಡಿದೆವು. ಬೋರೇಗೌಡನಿಗೆ ಆ ಎಲೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಚೆಲ್ಲುವ ಹಾಗಿಲ್ಲ, ತಿನ್ನುವ ಹಾಗಿಲ್ಲ. ಮುಷ್ಟಿ ಮುಚ್ಚಿಕೊಂಡೇ ಗುಂಡಿಯವರೆಗೆ ಬಂದು, ಮುಷ್ಟಿ ಮುಚ್ಚಿಕೊಂಡೇ ವಾಪಸು ಹೋದ.

ಅತ್ತೆ ಮಾಡಿದ್ದು ತಪ್ಪು ಎಂದು ನಾನು ಬಹಳ ವರ್ಷ ವಾದ ಮಾಡಿದ್ದೇನೆ, ಅವರ ಎದುರಿಗೂ. ತಡವಾಗಿ ಬಂದ ಸರಕನ್ನೂ ವಾಪಸು ಕಳಿಸಬಾರದು ಎನ್ನುವುದು ನನ್ನ ಬುದ್ಧಿ. ಇವತ್ತು ಈ ಕುರ್ಚಿಯಲ್ಲಿ ಕೂತು ನೋಡಿದರೆ ಬೇರೆ ತೋರುತ್ತದೆ. ಆ ಎಲೆಯನ್ನು ಬಾಯಿಗೆ ಇಡಿಸಿಕೊಂಡಿದ್ದರೆ ನಾವೆಲ್ಲ ಹಗುರವಾಗಿ ಮನೆಗೆ ಹೋಗಿ ಉಂಡು ಮಲಗುತ್ತಿದ್ದೆವು. ಅತ್ತೆ ನಮ್ಮನ್ನು ಹಗುರವಾಗಲು ಬಿಡಲಿಲ್ಲ. ಸರಿ ಮಾಡಿದಿರಿ ಎಂದು ಒಂದು ಮಾತು ಹೇಳೋಣವೆಂದರೆ, ಈಗ ಅವರೂ ಇಲ್ಲ.