ಹುಳದ ಮನೆಯಲ್ಲಿ ಅಮ್ಮಯಮ್ಮನಿಗೊಂದು ಕೋಣೆ

ನಾನೂ ಅಮ್ಮಯಮ್ಮನೂ ತೂಬಗೆರೆ ಪಕ್ಕದ ಈ ಊರಿಗೆ ಒಂದೇ ವರ್ಷ ಸೊಸೆಯರಾಗಿ ಬಂದವರು. ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಒಂದು ಸಾಲು ಕಲ್ಲುಕಂಬ, ಅಷ್ಟೆ.

ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದಳು. ಹುಳಕ್ಕೆ ನಲವತ್ತಡಿ ಉದ್ದದ ಇಟ್ಟಿಗೆ ಮನೆ, ಮನುಷ್ಯರಿಗೆ ಪಕ್ಕದಲ್ಲಿ ಶೀಟಿನ ಒಂದು ಹಜಾರ, ಅಡಿಗೆಮನೆ. ಹುಳ ನಾಲ್ಕನೇ ಜ್ವರ ಕಳೆದು, ಅಂದರೆ ಕೊನೇ ಸಲ ಪೊರೆ ಬಿಟ್ಟು, ಎದ್ದರೆ ಹೊತ್ತುಗೊತ್ತಿಲ್ಲದೆ ಸೊಪ್ಪು ತಿನ್ನುತ್ತೆ, ಆಗ ಅಲ್ಲೇ ಬಾಗಿಲಲ್ಲಿ ಚಾಪೆ ಹಾಕಿಕೊಳ್ಳೋಳು. ಅವಳದು ಅಂತ ಒಂದು ಕೋಣೆ ಯಾವತ್ತೂ ಇರಲಿಲ್ಲ. ಸೀರೆ ಉಡಬೇಕಾದರೂ ಗಂಡಸರು ಎದ್ದು ಹೊರಗೆ ಹೋಗೋವರೆಗೂ ಕಾಯಬೇಕು.

ಮೂರು ವರ್ಷದ ಕೆಳಗೆ ಮಗ ಮುನಿರಾಜ್ ಹಿಪ್ಪುನೇರಳೆ ಕಿತ್ತು ಗುಲಾಬಿ ಹಾಕಿದ. ಹುಳದ ಮನೆ ಖಾಲಿ ಬಿತ್ತು. ಸೊಸೆ ಹರ್ಷಿತ ಫೋನಿನಲ್ಲಿ ಹಳೇ ಗೋಡೌನು, ಅಕ್ಕಿ ಗಿರಣಿ ಎಲ್ಲಾ ಬಂಗಲೆ ಆಗಿರೋದು ತೋರಿಸಿ, ನಾವೂ ಕೆಡವೋದು ಬೇಡ, ಇದನ್ನೇ ಮನೆ ಮಾಡೋಣ ಅಂದಳು.

ಅಮ್ಮಯಮ್ಮ ಬೇಡ ಅನ್ನಲಿಲ್ಲ. "ನನಗೊಂದು ಕೋಣೆ ಕೊಡಪ್ಪಾ. ಬಾಗಿಲಿರ್ಬೇಕು, ಒಳಗಿಂದ ಚಿಲಕ ಇರ್ಬೇಕು. ಬೇರೇನೂ ಕೇಳಲ್ಲ."

"ಅದೇನ್ ದೊಡ್ಡ ವಿಷ್ಯಾನಮ್ಮ" ಅಂದ ಮುನಿರಾಜ್.

ಡಿಸೈನ್ ಮಾಡೋಕೆ ಬೆಂಗಳೂರಿಂದ ನರೇಶ್ ಅಂತ ಬಂದ. ಮರ್ಯಾದೆ ಗೊತ್ತಿರೋ ಹುಡುಗ. ಆದರೆ ಗೋಡೆ ಕಂಡರೆ ಅವನಿಗೆ ಆಗಲ್ಲ.

"ಓಪನ್ ಆಗಿರ್ಬೇಕು ಅಜ್ಜಿ. ಈ ತುದಿಯಿಂದ ಆ ತುದಿ ಕಾಣ್ಬೇಕು."

"ಅದು ಹುಳ ಕಾಣ್ಲಿ ಅಂತ ಕಟ್ಸಿದ್ದು ಕಣಪ್ಪ. ಹುಳ ಏನು ಸೀರೆ ಉಡ್ತಿತ್ತಾ?"

ನಕ್ಕ. ಬರಕೊಳ್ಳಲಿಲ್ಲ.

ಮೂಲೆಯಲ್ಲಿ ಚಂದ್ರಿಕೆಗಳಿದ್ದವು, ಹುಳ ಗೂಡು ಕಟ್ಟೋ ಬಿದಿರಿನ ತಟ್ಟಿಗಳು. ಅವನ್ನ ನೋಡಿ ಕುಣಿದಾಡಿಬಿಟ್ಟ. ಆರು ಚಂದ್ರಿಕೆ ಸಾಲಾಗಿ ನಿಲ್ಲಿಸಿ, ಅದರ ಹಿಂದೆ ಅಮ್ಮಯಮ್ಮನ ಮಂಚ ಹಾಕಿಸಿದ. ಅದೇ ಕೋಣೆಯಂತೆ.

ಗೃಹಪ್ರವೇಶದ ದಿನ ಬಂದವರೆಲ್ಲ ಆ ತಟ್ಟಿಗಳ ಸಂದಿಯಲ್ಲಿ ಇಣುಕಿ, "ಏನ್ ಚೆನ್ನಾಗೈತೆ!" ಅಂದರು. ಅಮ್ಮಯಮ್ಮ ಬಚ್ಚಲಲ್ಲಿ ರೇಷ್ಮೆ ಸೀರೆ ಉಟ್ಟು, ಒದ್ದೆ ನೆರಿಗೆ ಹಿಡ್ಕೊಂಡು ಬಂದಳು.

ಮಾರನೇ ದಿನ ನನ್ನೆದುರಿಗೇ ಮಗನ್ನ, ಬಾಗಿಲೆಲ್ಲಪ್ಪಾ ಅಂತ ಕೇಳಿದಳು.

"ಅಭ್ಯಾಸ ಆಗುತ್ತಮ್ಮ. ಮನೆಯವರೇ ತಾನೇ" ಅಂದ.

"ಮನೆಯವ್ರೇ ಅಂತ ನಿನ್ನ ರೂಮಿಗೆ ಬಾಗಿಲು ಬ್ಯಾಡ ಅಂದ್ಯಾ?"

ಅವನು ಗಾಡಿ ಕೀ ಹುಡುಕೋಕೆ ಎದ್ದ. ಹರ್ಷಿತ, "ನರೇಶ್‌ನ ಕೇಳ್ತೀನಿ ಅತ್ತೆ" ಅಂದಳು. ಕೇಳ್ತೀನಿ ಕೇಳ್ತೀನಿ ಅಂತಲೇ ತಿಂಗಳಾಯ್ತು.

ಒಂದು ಮಂಗಳವಾರ ಮಗ ಸೊಸೆ ಇಬ್ಬರೂ ಹೂವಿನ ಮಾರ್ಕೆಟ್ಟಿಗೆ ಹೋಗಿದ್ದರು. ಅಮ್ಮಯಮ್ಮ ಸಗಣಿ, ಕೆಮ್ಮಣ್ಣು ಕಲಸಿದಳು. ಮರಿ ಹುಳ ಬಿಡೋ ಬಿದಿರು ತಟ್ಟೆಯ ಸಂದಿ ಮುಚ್ಚೋಕೆ ಸಗಣಿ ಬಳಿದು ಬಳಿದು ಪಳಗಿದ ಕೈ. ಮಧ್ಯಾಹ್ನದೊಳಗೆ ಆರು ಚಂದ್ರಿಕೆಗೂ ಒಂದು ಕಣ್ಣೂ ಬಿಡದ ಹಾಗೆ ಮೆತ್ತಿದಳು. ನಾನು ನೀರು ಹೊತ್ತು ಕೊಟ್ಟೆ.

ಸಂಜೆ ಫೋಟೋ ತೆಗೆಯೋಕೆ ಅಂತ ನರೇಶ್, ಮಗ ಸೊಸೆ ಜೊತೆಗೇ ಬಂದ. ನೋಡಿ ನಿಂತುಬಿಟ್ಟ.

"ಯಾರ್ ಮಾಡಿದ್ದು ಇದು?"

"ನಾನೇ. ತೆಗೀಯಲ್ಲ" ಅಂದಳು ಅಮ್ಮಯಮ್ಮ. ಮೊಣಕೈವರೆಗೂ ಸಗಣಿ.

"ತೆಗೀಲೇಬೇಡಿ! ಸೂಪರ್ ಅಜ್ಜಿ! ಮುನಿರಾಜ್, ಹಾಲಿಗೂ ಇದನ್ನೇ ಮಾಡಿಸ್ಬಿಡೋಣ."

ಅವಳ ಮುಖ ಅರಳಿತು. "ಹಂಗಾದ್ರೆ ಒಂದು ಬಾಗಿಲು ಇಡ್ಸಪ್ಪಾ."

"ಬಾಗಿಲು ಇಟ್ರೆ ಲುಕ್ಕೇ ಹೋಗ್ಬಿಡುತ್ತೆ ಅಜ್ಜಿ" ಅಂತ ಕ್ಯಾಮೆರಾ ತೆಗೆದ. ಮುನಿರಾಜ್ ಅವನಿಗೆ ಲೈಟ್ ಹಾಕಿಕೊಟ್ಟ.

ಅಮ್ಮಯಮ್ಮ ಕೈ ತೊಳೆಯೋಕೆ ಹೊರಗೆ ಬಂದಳು. ತೊಳೆದದ್ದೇ ತೊಳೆದದ್ದು.

ಈಗ ದಿನಾ ಬೆಳಿಗ್ಗೆ ಸೀರೆ ಕಂಕುಳಲ್ಲಿ ಅವುಚಿಕೊಂಡು ನಮ್ಮನೆಗೆ ಬರ್ತಾಳೆ. ನಮ್ಮ ಒಳಕೋಣೆಗೆ ಹೋಗಿ ಚಿಲಕ ಹಾಕ್ತಾಳೆ. ಸೀರೆ ಉಟ್ಟಾದ ಮೇಲೂ ಎಷ್ಟೋ ಹೊತ್ತು ತೆಗೆಯಲ್ಲ. ನಾನೂ ತಟ್ಟಲ್ಲ.