ಜಡೆ ಹೆಣೆದ ತಂತಿ

ಬೆರಳಿಗೆ ಕಿವಿ ಇರುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಚನ್ನರಾಯಪಟ್ಟಣದ ರೇಡಿಯೋ ಮೇಷ್ಟ್ರ ಹೆಬ್ಬೆರಳು, ತೋರುಬೆರಳು ಬೆಸುಗೆಯ ಕಾವಿಗೆ ಸುಟ್ಟು ಸುಟ್ಟು ಸೀದ ಹಾಲಿನ ಪಾತ್ರೆಯ ತಳದಂತಾಗಿದ್ದವು. ಆ ಬೆರಳಲ್ಲಿ ವೈರು ಸವರಿ, "ಇಲ್ಲಿ ಒಳಗೆ ಮುರ್ದದೆ" ಎಂದರೆ ಅಲ್ಲೇ ಮುರಿದಿರುತ್ತಿತ್ತು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರಿಪೇರಿ ಅಂಗಡಿಯವರಿಗೆ ಊರೇ ಕೊಟ್ಟ ಹೆಸರು ಮೇಷ್ಟ್ರು.

ನಾನು ಶಾಂತಿಗ್ರಾಮದಿಂದ ಬಸ್ಸು ಹತ್ತಿ ಅವರಲ್ಲಿಗೆ ಹೋದದ್ದು ಒಂದು ಕ್ಯಾಸೆಟ್ಟಿಗಾಗಿ. ನನ್ನ ಅವ್ವನ ದನಿ ಉಳಿದಿರುವುದು ಅದೊಂದರಲ್ಲೇ. ನಮ್ಮ ಯಜಮಾನರು ಆಸೆಪಟ್ಟು ತಂದ ಟೇಪು, ಆಂಪ್ಲಿಫೈಯರು, ಎರಡು ದೊಡ್ಡ ಸ್ಪೀಕರು ಎಲ್ಲ ಮನೆಯಲ್ಲಿದ್ದರೂ ಅವ್ವ ಗೋಣಿಚೀಲದೊಳಗೆ ಕೂತು ಹಾಡಿದಂತೆ ಕೇಳುತ್ತಿತ್ತು. ವರ್ಷ ವರ್ಷಕ್ಕೂ ಮಂಕು. ಇನ್ನೊಂದು ಸಲ ಅವಳನ್ನು ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿತ್ತು.

ಮೇಷ್ಟ್ರು ತಮ್ಮ ಸೆಟ್ಟಿಗೆ ಹಾಕಿ ಕಣ್ಣು ಮುಚ್ಚಿ ಕೇಳಿದರು. "ನಿಮ್ಮವ್ವ ಚೆಂದಾಗವ್ರೆ ಕಣವ್ವ. ನಿಮ್ಮನೇಲಿ ಅವ್ರು ಬರೋ ದಾರಿ ಸರಿಯಿಲ್ಲ. ಟೇಪಿಂದ ಆಂಪ್ಲಿಫೈಯರಿಗೆ ಓಗೋ ವೈರು ಬ್ಯಾರೆ ಮಾಡ್ಕೊಡ್ತೀನಿ."

ಕೂದಲಿನಷ್ಟು ಸಣ್ಣ ತಾಮ್ರದ ತಂತಿಗಳಿಗೆ ಹತ್ತಿಯ ಕವಚ ತೊಡಿಸಿ ನಾಲ್ಕೆಳೆ ಜಡೆ ಹೆಣೆದರು. "ಮಗಳಿಗೆ ಜಡೆ ಹಾಕಿ ಕಲ್ತಿದ್ದು. ಬಿಗಿಯಾದ್ರೆ ಅಳೋಳು, ಸಡ್ಲ ಆದ್ರೆ ಇಸ್ಕೂಲಲ್ಲಿ ಬಿಚ್ಚೋಗದು."

ನಾನು ಕೆಣಕಿದೆ. "ಈ ಜಡೆ ಸತ್ತೋರ ಗಂಟ್ಲು ಸರಿ ಮಾಡ್ತದಾ ಮೇಷ್ಟ್ರೇ?"

"ತಂತಿ ಏನೂ ಸೇರ್ಸಾಕಿಲ್ಲ ಕಣವ್ವ. ದಾರೀಲಿ ಕಳೀದಂಗೆ ತಂದ್ಕೊಡ್ತದೆ, ಅಷ್ಟೇಯ."

ಭಾನುವಾರ ಮನೆಗೆ ಬಂದು ತಾವೇ ಜೋಡಿಸಿದರು. ಹಾಡಿಗೆ ಮೊದಲು ಅವ್ವ ಉಸಿರೆಳೆದುಕೊಂಡಳು. ಆ ಉಸಿರನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ. ಹಾಡಿನ ನಡುನಡುವೆ ಟಪ್, ಟಪ್ ಎಂದು ಏನೋ ಬೀಳುತ್ತಿತ್ತು. ಇಷ್ಟು ವರ್ಷ ಅದನ್ನು ಟೇಪಿನ ದೂಳು ಅಂದುಕೊಂಡಿದ್ದೆ. ಅವರೆಕಾಳು! ಅವ್ವ ನೆನೆಸಿದ ಕಾಳು ಹಿತುಕುತ್ತಾ ಹಾಡಿದ್ದಳು, ಬೇಳೆ ಒಂದೊಂದೇ ಹಿತ್ತಾಳೆ ತಟ್ಟೆಗೆ ಬೀಳುತ್ತಿತ್ತು. ಅವಳ ಕೈ ಕಂಡಿತು. ತಿರುಗಿ ನೋಡಿದರೆ ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹೊರಟಿದ್ದರು.

ಹಬ್ಬಕ್ಕೆ ಪಾತ್ರೆ ಬೆಳಗುವಾಗ ನನಗೆ ಬುದ್ಧಿ ಓಡಿತು. ಇದೂ ತಾಮ್ರವೇ ತಾನೆ? ತಂತಿಯ ತುದಿಗಳಿಗೂ ಹುಣಿಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಫಳಫಳ ಹೊಳೆಸಿಟ್ಟೆ. ವಾರದೊಳಗೆ ಹುಳಿನೀರು ಒಳಗಿಳಿದು ತಾಮ್ರ ಹಸಿರಾಯಿತು, ಅವ್ವ ಮೂಕಿಯಾದಳು.

ತಂತಿ ಬಿಚ್ಚಿಕೊಂಡು ಅಂಗಡಿಗೆ ಓಡಿದೆ. ಮೇಷ್ಟ್ರು ಮೂಸಿ ನೋಡಿದರು. "ಒಗ್ಗರಣೆ ಒಂದು ಬಿಟ್ಬುಟ್ಟಿದ್ದೀರಲ್ಲವ್ವಾ" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಗಲೇ ಅವರ ಕೈ ನಡುಗುತ್ತಿತ್ತು. ಅರ್ಧ ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ನಡುಗುವ ಕೈ ಹೆಣೆದ ಆ ಜಡೆಯಲ್ಲಿ ಒಂದೆಳೆಯೂ ಓರೆಯಿಲ್ಲ. ಅವರು ಹೆಣೆದದ್ದು ಅದೇ ಕೊನೆ.

ಈಗ ಇದನ್ನು ಬರೆಯಲು ಮೊಬೈಲಿನಲ್ಲಿ ಒತ್ತಕ್ಷರ ತಡಕಾಡುವಾಗ ಆ ಸುಟ್ಟ ಬೆರಳುಗಳು ನೆನಪಾಗುತ್ತವೆ.

ಅವರು ತೀರಿಕೊಂಡ ಮೇಲೆ ಮನೆಗೆ ಹೋಗಿ ಅವರ ಹೆಂಡತಿಯ ಕೈ ಹಿಡಿದು ಅತ್ತೆ. "ಇನ್ನು ನಮ್ಮವ್ವನ ದನಿ ನಿಂತೋದ್ರೆ ಯಾರತ್ರ ಓಗ್ಲವ್ವಾ?"

ಆಕೆ ಸೆರಗಿನಿಂದ ಮೂಗೊರೆಸಿಕೊಂಡು ಅಂದರು: "ಯಾಕೆ ನಿಂತೋಯ್ತದೆ? ಹುಣ್ಸೆಹಣ್ಣು ಇಡ್ಕೊಂಡು ನೀವು ಹತ್ರ ಓಗ್ಬ್ಯಾಡಿ, ಸಾಕು. ಓಗೋ ಮುಂಚೆ ಅವ್ರೇ ಹೇಳವ್ರೆ."